ಏಳನೇ ಮದುವೆಗೆ ಹೋದ ನಮ್ಮ ಕಾರು

ನನ್ನ ಪೂರ್ಣ ಹೆಸರು, ತಂದೆಯ ಹೆಸರು ಮತ್ತು ಗಂಡನ ಹೆಸರು ಇದಕ್ಕೆ ಲಗತ್ತಿಸಿದ ನಮೂನೆಯ ಮೊದಲ ಮೂರು ಸಾಲುಗಳಲ್ಲಿವೆ. ವಯಸ್ಸು 26 ವರ್ಷ. ಉದ್ಯೋಗ: ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವುದು. ವಾಸ: ಬಸ್ ಡಿಪೋ ಹಿಂದಿನ ರಸ್ತೆಯ ಹಳದಿ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಮದುವೆಯಾಗಿ ಇಂದಿಗೆ 61 ದಿನ. ಕೊನೆಯ ವಿವರವನ್ನು ಯಾರೂ ಕೇಳಿರಲಿಲ್ಲ, ನಾನೇ ಸೇರಿಸಿದ್ದೇನೆ. ಇಂದು ಶನಿವಾರ ಸಂಜೆ 4 ಗಂಟೆ 10 ನಿಮಿಷಕ್ಕೆ ನನ್ನ ಗಂಡನ ಜೊತೆ ಠಾಣೆಗೆ ಬಂದು, ಯಾರ ಒತ್ತಾಯವೂ ಇಲ್ಲದೆ, ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಿ ಕನ್ನಡಕ ಕೂರಿಸುವ ಕೆಲಸ ಮಾಡುತ್ತಾರೆ. ಎತ್ತರ ಆರು ಅಡಿ ಒಂದು ಇಂಚು. ಎತ್ತರ ಮುಂದೆ ಬೇಕಾಗುತ್ತದೆ, ಆದ್ದರಿಂದ ಈಗಲೇ ಹೇಳಿದೆ. ನಮ್ಮ ಮನೆಯಲ್ಲಿ ಎರಡು ಕೋಣೆ. ಒಂದರಲ್ಲಿ ಅತ್ತೆ ಮತ್ತು ಅತ್ತೆಯ ತಾಯಿ, ಅಂದರೆ ಅಜ್ಜಿ. ಇನ್ನೊಂದು ನಮ್ಮದು. ಆದರೆ ಬಟ್ಟೆ ಒಗೆಯುವ ಯಂತ್ರ ನಮ್ಮ ಕೋಣೆಯಲ್ಲಿದೆ, ಬಾಲ್ಕನಿಗೆ ಹೋಗುವ ಬಾಗಿಲೂ ನಮ್ಮ ಕೋಣೆಯಲ್ಲೇ ಇದೆ. ಆದ್ದರಿಂದ ಬಟ್ಟೆ ನೆನೆಸಲು, ಹಿಂಡಲು, ಒಣಹಾಕಲು, ಒಣಗಿತಾ ಎಂದು ಮುಟ್ಟಿ ನೋಡಲು ಎಲ್ಲರೂ ನಮ್ಮ ಮಂಚ ಸುತ್ತಿಕೊಂಡು ಹೋಗುತ್ತಾರೆ. ಅವರು ತುಂಬಾ ಒಳ್ಳೆಯವರು. ಬಾಗಿಲು ತಟ್ಟುತ್ತಾರೆ. ಆದರೆ ತಟ್ಟುತ್ತಲೇ ಒಳಗೆ ಬಂದಿರುತ್ತಾರೆ.

ಮದುವೆಯಾದ 12ನೇ ದಿನ ನಾವು ಕಾರು ಕೊಂಡೆವು. ಹನ್ನೊಂದು ವರ್ಷ ಹಳೆಯದು, ಕಡುನೀಲಿ ಬಣ್ಣ, ಒಂದು ಕಾಲದಲ್ಲಿ ದೊಡ್ಡ ಸಾಹುಕಾರರು ಮಾತ್ರ ಇಟ್ಟುಕೊಳ್ಳುತ್ತಿದ್ದ ಉದ್ದನೆಯ ಕಾರು. ಅಂಥ ಕಾರುಗಳನ್ನೇ ಮಾರುವ ಶೋರೂಂನ ಸೆಕೆಂಡ್ ಹ್ಯಾಂಡ್ ವಿಭಾಗದಲ್ಲಿತ್ತು. ಇನ್ನೂರು ಅಂಶಗಳ ಪರೀಕ್ಷೆಯಲ್ಲಿ ಪಾಸಾಗಿದೆ ಎಂದು ಪ್ರಮಾಣಪತ್ರ ಕೊಟ್ಟರು. ನಾವು ಇನ್ನೂರರಲ್ಲಿ ಒಂದನ್ನೂ ಓದಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡೆ. ಹೊರಗಿನ ಸದ್ದೆಲ್ಲ ಒಮ್ಮೆಲೇ ನಿಂತುಹೋಯಿತು. ಗುಂಡಿ ಒತ್ತಿದರೆ ಹಿಂದಿನ ಗಾಜುಗಳಿಗೆ ಕಪ್ಪು ಪರದೆ ತಾನಾಗಿ ಏರಿತು. ನಾನು ಗಂಡನ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಅಷ್ಟಕ್ಕೇ ವ್ಯಾಪಾರ ಮುಗಿಯಿತು.

ಅಂದಿನಿಂದ ಪ್ರತಿ ಸಂಜೆ 7 ಗಂಟೆಯಿಂದ 7 ಗಂಟೆ 40 ನಿಮಿಷದವರೆಗೆ ನಾವು ಕಟ್ಟಡದ ಕೆಳಗೆ ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆವು. ಎಲ್ಲಿಗೂ ಹೋಗುತ್ತಿರಲಿಲ್ಲ. ಮಾತಾಡುತ್ತಿದ್ದೆವು. ಅವರು ಅಂದಿನ ಗಿರಾಕಿಗಳ ಕಥೆ ಹೇಳುವುದು, ನಾನು ನೀರಿಗೆ ಹೆದರುವ ಮಕ್ಕಳ ಕಥೆ ಹೇಳುವುದು, ಒಂದೇ ಇಯರ್‌ಫೋನಿನಲ್ಲಿ ಇಬ್ಬರೂ ಹಾಡು ಕೇಳುವುದು. ಇದನ್ನು ಮೊದಲು ಸೂಚಿಸಿದವರು ಅಜ್ಜಿ. ಕಾರು ತಗೊಂಡು ಸುಮ್ನೆ ನೋಡ್ತಾ ಇದೀರಲ್ಲೋ, ಹೋಗಿ ಅದರಲ್ಲಿ ಕೂತ್ಕೊಳ್ರೋ, ನನಗೂ ಟಿವಿ ಕೇಳ್ಸುತ್ತೆ ಎಂದು ಅವರು ಹೇಳಿದ್ದರು.

ಮೂರು ದಿನಕ್ಕೆ ಪರದೆಗಳು ಮೇಲೇ ಸಿಕ್ಕಿಕೊಂಡವು, ಕೆಳಗೆ ಬರಲಿಲ್ಲ. ಅದರಿಂದ ನಮಗೇನೂ ನಷ್ಟವಿರಲಿಲ್ಲ. ಎಂಟನೇ ದಿನ ಹಿಂದಿನ ಎರಡೂ ಬಾಗಿಲುಗಳು ಒಳಗಿನಿಂದ ತೆರೆಯುವುದು ನಿಂತಿತು. ಹೊರಗಿನಿಂದ ಯಾರಾದರೂ ತೆರೆಯಬೇಕು. ನನ್ನ ಗಂಡ ಒಮ್ಮೆ ಮುಂದಿನ ಎರಡು ಸೀಟುಗಳ ನಡುವೆ ನುಸುಳಿ ಹೊರಗೆ ಹೋಗಲು ನೋಡಿದರು. 4 ನಿಮಿಷ 35 ಸೆಕೆಂಡ್ ಅರ್ಧದಲ್ಲೇ ಸಿಕ್ಕಿಕೊಂಡಿದ್ದರು. ಆಮೇಲೆ 7 ಗಂಟೆ 40ಕ್ಕೆ ಅತ್ತೆಯೇ ಮೂರು ಮಹಡಿ ಇಳಿದು ಬಂದು ಬಾಗಿಲು ತೆರೆದು, ಊಟಕ್ಕೆ ಬನ್ನಿ ಅನ್ನುತ್ತಿದ್ದರು. ಹದಿನೈದು ದಿನವಾಗುವುದರೊಳಗೆ ಅತ್ತೆ, ನನ್ನ ಮೊಣಕಾಲಿಗೆ ಮೆಟ್ಟಿಲು ಆಗಲ್ಲ ಕಣಮ್ಮ, ದಿನಾ ಬಂದು ನಿಮ್ಮನ್ನ ಬಿಡಿಸಬೇಕು ಅಂದ್ರೆ ನಾನೇನು ಜೈಲರ್ರಾ, ಮೊದಲು ಅದನ್ನ ರಿಪೇರಿ ಮಾಡ್ಸಿ ಎಂದರು.

ಅದರಂತೆ ಇಂದಿಗೆ 28 ದಿನದ ಹಿಂದೆ, ಬೆಳಿಗ್ಗೆ 10 ಗಂಟೆಗೆ ಅದೇ ಶೋರೂಂನ ಸರ್ವೀಸ್ ವಿಭಾಗಕ್ಕೆ ಕಾರು ಕೊಟ್ಟೆವು. ಬಾಗಿಲು ಮತ್ತು ಪರದೆ, ಎರಡೇ ಕೆಲಸ. ಸರ್ವೀಸ್ ಅಡ್ವೈಸರ್ ನಾಲ್ಕು ದಿನ ಎಂದು ಬರೆದುಕೊಟ್ಟರು. ಅಲ್ಲಿನ ಕುರ್ಚಿ ಎಷ್ಟು ಮೆತ್ತಗಿತ್ತೆಂದರೆ, ಕಾಫಿ ಎಷ್ಟು ಚೆನ್ನಾಗಿತ್ತೆಂದರೆ, ಗಾಜಿನ ತೊಟ್ಟಿಯಲ್ಲಿ ಮೀನುಗಳು ಎಷ್ಟು ಸೊಗಸಾಗಿ ಈಜುತ್ತಿದ್ದವೆಂದರೆ, ಫೋನಿಗೆ ನಿಮ್ಮ ಅನುಭವ ಹೇಗಿತ್ತು ಎಂಬ ಸಂದೇಶ ಬಂದ ತಕ್ಷಣ ನಾನು ಐದಕ್ಕೆ ಐದು ಸ್ಟಾರ್ ಕೊಟ್ಟುಬಿಟ್ಟೆ. ಇನ್ನೂ ಬಾನೆಟ್ ಕೂಡ ತೆರೆದಿರಲಿಲ್ಲ. ನನ್ನ ಗಂಡ, ಅಷ್ಟೊಂದು ಅವಸರ ಏನಿತ್ತೇ ಎಂದರು. ಈ ಐದು ಸ್ಟಾರಿನ ವಿಷಯ ಮುಂದೆ ಬರುತ್ತದೆ.

ಐದನೇ ದಿನ ಅಡ್ವೈಸರ್ ಫೋನ್ ಮಾಡಿ, ಬಾಗಿಲು ಬಿಡಿ ಮೇಡಂ, ಗೇರ್‌ಬಾಕ್ಸಿನ ಕಂಪ್ಯೂಟರೇ ಹೋಗಿದೆ, ಗಾಡಿ ಸ್ಟಾರ್ಟ್ ಮಾಡಿದರೆ ಗೇರ್‌ಬಾಕ್ಸ್ ಪುಡಿಪುಡಿಯಾಗುತ್ತೆ, ಹೊಸ ಭಾಗ ಹಡಗಿನಲ್ಲಿ ಬರಬೇಕು ಎಂದು ತಿಳಿಸಿದರು. ಯಾವಾಗ ಬರುತ್ತೆ ಎಂದು ಕೇಳಿದೆ. ಇನ್ನೆರಡು ದಿನ ಎಂದರು. ಎರಡು ದಿನ ಬಿಟ್ಟು ಕೇಳಿದೆ. ಇನ್ನೆರಡು ದಿನ ಎಂದರು. ಆಮೇಲೆ ನಾವು ಮನೆಯಲ್ಲಿ ಅವರನ್ನು ಇನ್ನೆರಡು ದಿನ ಎಂದೇ ಕರೆಯತೊಡಗಿದೆವು. ಇವತ್ತು ಇನ್ನೆರಡು ದಿನ ಫೋನ್ ಮಾಡಿದ್ನಾ ಎಂದು ಅಜ್ಜಿಯೂ ಕೇಳುತ್ತಿದ್ದರು. ಹದಿನಾಲ್ಕನೇ ದಿನ ನನ್ನ ಗಂಡ ಹಡಗಿನ ಹೆಸರು ಕೇಳಿದರು. ಅಡ್ವೈಸರ್ ಸ್ವಲ್ಪ ಯೋಚಿಸಿ, ದೊಡ್ಡ ಹಡಗು ಸಾರ್ ಎಂದರು.

ಆ ದಿನಗಳಲ್ಲಿ ಸಂಜೆ 7 ಗಂಟೆಗೆ ನಾವಿಬ್ಬರೂ ಮಂಚದ ಮೇಲೆ ಕೂತು ಬಟ್ಟೆಯಂತ್ರ ತಿರುಗುವುದನ್ನು ನೋಡುತ್ತಿದ್ದೆವು. ಇದಕ್ಕಿಂತ ಹೆಚ್ಚಿಗೆ ಆ ಬಗ್ಗೆ ಬರೆಯುವುದಿಲ್ಲ.

ಹದಿನಾರನೇ ದಿನ ಮಧ್ಯಾಹ್ನ ನಾನು ಒಂದು ಉಪಾಯ ಮಾಡಿದೆ. ಶೋರೂಂ ಕನ್ನಡಕದ ಅಂಗಡಿಯಿಂದ 400 ಮೀಟರ್ ದೂರದಲ್ಲಿದೆ. ಇವರಿಗೆ 1ರಿಂದ 2 ಗಂಟೆಯವರೆಗೆ ಊಟದ ಬಿಡುವು. ನನ್ನ ಬೆಳಗಿನ ಕ್ಲಾಸು 12 ಗಂಟೆ 30ಕ್ಕೆ ಮುಗಿಯುತ್ತದೆ. ಕಾರು ಶೋರೂಂನ ಹಿಂದಿನ ಅಂಗಳದಲ್ಲಿ ನಿಂತಿತ್ತು, ಎರಡನೇ ಕೀ ನಮ್ಮ ಹತ್ತಿರವೇ ಇತ್ತು. ಮುಂದಿನ ಗೇಟಿನ ಕಾವಲುಗಾರರಿಗೆ ವಿಷಯ ಇದ್ದ ಹಾಗೆ ಹೇಳಿದೆ. ಅವರು ತಲೆ ಕೆರೆದುಕೊಂಡು, ನಿಮ್ಮ ಕಾರು, ನೀವು ಕೂತ್ಕೊಂಡ್ರೆ ನನಗೇನು, ಆದರೆ ಒಳಗಿನವರು ನೋಡಿದರೆ ನನ್ನ ಕೆಲಸ ಹೋಗುತ್ತೆ ಕಣಮ್ಮ, ಅರ್ಧ ಗಂಟೆ ಅಷ್ಟೆ ಎಂದು ಪಕ್ಕದ ಸಂದಿಯಿಂದ ಬಿಟ್ಟರು. 1 ಗಂಟೆ 40ಕ್ಕೆ ಅವರೇ ಬಂದು ಬಾಗಿಲು ತೆರೆಯುತ್ತಿದ್ದರು. ಅವರ ಹೆಸರನ್ನು ನಾನು ಎಲ್ಲಿಯೂ ಹೇಳುವುದಿಲ್ಲ. ಗೇಟಿನಲ್ಲಿ ಇರುವುದು ಅವರೊಬ್ಬರೇ ಎಂಬುದು ಬೇರೆ ಮಾತು. ಅವರ ತಪ್ಪು ಏನೂ ಇಲ್ಲವೆಂದು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ.

ಹೀಗೆ ನಾಲ್ಕು ಸಲ ಕೂತೆವು. ಎರಡು ಸಲ ಕಾರು ಅಂಗಳದಲ್ಲಿ ಇರಲಿಲ್ಲ, ಗಾಡಿ ಎತ್ತುವ ಲಿಫ್ಟ್ ಮೇಲಿದೆ ಎಂದು ಅಡ್ವೈಸರ್ ಫೋನಿನಲ್ಲಿ ಹೇಳಿದ್ದರು. ಮೂರನೇ ಸಲ ಕೂತಾಗ ಸೀಟಿನ ಸಂದಿಯಲ್ಲಿ ಒಂದು ಕೂದಲಿನ ಕ್ಲಿಪ್ಪು ಸಿಕ್ಕಿತು. ಮುತ್ತು ಕೂರಿಸಿದ್ದು, ನನ್ನದಲ್ಲ. ನಾನು ಗಂಡನ ಮುಂದೆ ಹಿಡಿದು, ಇದು ಯಾರದು ಎಂದು ಕೇಳಿದೆ. ಅವರು, ನನ್ನದೇ ಇರಬೇಕು ಎಂದು ತಮ್ಮ ತಲೆಗೆ ಸಿಕ್ಕಿಸಿಕೊಂಡು ನೋಡಿದರು. ಆ ದಿನದ ತನಿಖೆ ಅಷ್ಟಕ್ಕೇ ನಿಂತಿತು. ಬಾನೆಟ್ ಮೇಲೆ ಟೇಪಿನ ಅಂಟು ಇದ್ದುದನ್ನೂ ನೋಡಿದೆವು. ಗ್ಯಾರೇಜಿನ ಕೊಳೆ ಎಂದುಕೊಂಡೆವು. ಸದರಿ ಕ್ಲಿಪ್ಪನ್ನು ಈ ಹೇಳಿಕೆಯ ಜೊತೆ ಒಪ್ಪಿಸಿದ್ದೇನೆ.

ಇಂದು ಮಧ್ಯಾಹ್ನ 1 ಗಂಟೆ 9 ನಿಮಿಷಕ್ಕೆ ನಾವು ಹೋದಾಗ ಕಾರು ತೊಳೆದು ಮಿರಿಮಿರಿ ಮಿಂಚುತ್ತಿತ್ತು. ತೊಳೆದಿದ್ದಾರೆ ಅಂದರೆ ಕೆಲಸ ಮುಗಿದಿದೆ ಎಂದು ನಾನು ಅಂಗಳದಲ್ಲೇ ಕುಣಿದೆ. ಇವರು, ಮೊದಲು ಒಳಗೆ ಕೂತು ನೋಡೋಣ ಎಂದರು. ಕೂತೆವು. ಪರದೆ ಇಳಿಯಲಿಲ್ಲ, ಬಾಗಿಲು ಒಳಗಿನಿಂದ ತೆರೆಯಲಿಲ್ಲ. ನನ್ನ ಕೊರಳಲ್ಲಿ ಯಾವಾಗಲೂ ಗಂಟೆ ನಿಮಿಷವನ್ನೂ ತೋರಿಸುವ ಸ್ಟಾಪ್‌ವಾಚು ಇರುತ್ತದೆ, ಅದು ವೃತ್ತಿಯ ಅಭ್ಯಾಸ. ಈ ಹೇಳಿಕೆಯ ಎಲ್ಲ ಸಮಯಗಳನ್ನೂ ಅದರಿಂದಲೇ ಬರೆದಿದ್ದೇನೆ.

1 ಗಂಟೆ 18 ನಿಮಿಷಕ್ಕೆ ಹೆಜ್ಜೆ ಸದ್ದು ಕೇಳಿತು. ಅಡ್ವೈಸರ್ ಬಂದರು, ಕಾವಲುಗಾರರ ಕೆಲಸ ಹೋಯಿತು ಎಂದು ನಮಗೆ ಗಾಬರಿಯಾಯಿತು. ಸೀಟಿನ ಮೇಲೆ ಕಾರಿನ ಬೂದು ಹೊದಿಕೆ ಮಡಚಿಟ್ಟಿದ್ದರು. ಕಾಲಿಡುವ ಜಾಗದಲ್ಲಿ ಮುದುಡಿ ಕೂತು ಅದನ್ನು ಮೇಲೆ ಎಳೆದುಕೊಂಡೆವು. ಆರು ಅಡಿ ಒಂದು ಇಂಚನ್ನು ಅಲ್ಲಿ ಹೇಗೆ ಮಡಚಿದರೋ ನನಗೆ ಇನ್ನೂ ಗೊತ್ತಾಗಿಲ್ಲ. ಅವರ ಮೊಣಕಾಲು ನನ್ನ ಕಿವಿಯ ಹತ್ತಿರ ಇತ್ತು.

ಮುಂದಿನ ಬಾಗಿಲು ತೆರೆಯಿತು, ಯಾರೋ ಕೂತರು, ಕಾರು ಸ್ಟಾರ್ಟ್ ಆಯಿತು. ಗೇರ್‌ಬಾಕ್ಸ್ ಪುಡಿಯಾಗಲಿಲ್ಲ. ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೊರಟಿತು. 28 ದಿನದ ನಂತರ ನಮ್ಮ ಕಾರಿನ ದನಿ ಕೇಳಿ ನನಗೆ ಎದ್ದು ಚಪ್ಪಾಳೆ ತಟ್ಟಬೇಕೆನಿಸಿತು. ನನ್ನ ಗಂಡ ಕೈ ಅದುಮಿ, ಸುಮ್ನಿರು, ಎಲ್ಲಿಗೆ ಹೋಗುತ್ತೋ ನೋಡೇಬಿಡೋಣ ಎಂದು ಕಿವಿಯಲ್ಲಿ ಹೇಳಿದರು. ಹಿಂದಿನ ಗೇಟಿನಿಂದ ಕಾರು ರಸ್ತೆಗೆ ಇಳಿಯಿತು. ಆಗ ಸಮಯ 1 ಗಂಟೆ 21 ನಿಮಿಷ.

ಚಾಲಕ ಫೋನ್ ಮಾಡಿ, ಹೊರಟೆ ಸಾರ್, ಹೂವಿನ ಅಂಗಡಿಗೆ ಹೋಗಿ ಅಲ್ಲಿಂದ ಮದುವೆ ಹಾಲಿಗೆ, ನಾಲ್ಕು ಗಂಟೆಗೆ ವಾಪಸ್ ತಂದು ನಿಲ್ಲಿಸ್ತೀನಿ, ಇದು ಏಳನೇ ಮದುವೆ ಸಾರ್, ನನ್ನ ಬಾಟಾ ದುಡ್ಡು ಇನ್ನೂ ಬಂದಿಲ್ಲ ಎಂದರು. ಕಾರಿನ ಸ್ಪೀಕರಿನಿಂದ ಉತ್ತರ ಬಂತು. ದನಿ ಇನ್ನೆರಡು ದಿನ ಅವರದು. ಕೊಡೋಣ ಬಿಡಪ್ಪ, ಇನ್ನೆರಡು ದಿನ ಎಂದರು. ಚಾಲಕ, ಓನರ್ ಬಂದು ಕೇಳಿದರೆ ಏನ್ ಹೇಳ್ತೀರ ಸಾರ್ ಎಂದು ಕೇಳಿದರು. ಅದಕ್ಕೆ ಅಡ್ವೈಸರ್, ಹಡಗು ಅಂತೀನಿ, ಅವರಿಬ್ಬರೂ ಪಾಪ ತುಂಬಾ ಒಳ್ಳೆಯವರು, ಐದು ಸ್ಟಾರ್ ಕೊಟ್ಟಿದಾರೆ ಎಂದರು.

ಹೊದಿಕೆಯೊಳಗೆ ನನ್ನ ಗಂಡ ನನ್ನ ಕಡೆ ತಿರುಗಿ ನೋಡಿದರು. ಕತ್ತಲೆಯಿದ್ದರೂ ಆ ನೋಟ ನನಗೆ ಚೆನ್ನಾಗಿ ಕಂಡಿತು. ನನಗೆ ಸಿಟ್ಟು ಬರಬೇಕಿತ್ತು, ಬಂದಿತ್ತು ಕೂಡ. ಆದರೆ ಅದಕ್ಕಿಂತ ಮೊದಲು ನಗು ಬಂತು. ಅವರು ನನ್ನ ಬಾಯಿ ಮುಚ್ಚಿದರು. ನಾನು ಅವರ ಬಾಯಿ ಮುಚ್ಚಿದೆ. ಇದು 1 ಗಂಟೆ 24ರಿಂದ 1 ಗಂಟೆ 29ರವರೆಗೆ ನಡೆಯಿತು.

1 ಗಂಟೆ 33ಕ್ಕೆ ಕಾರು ಹೂವಿನ ಅಂಗಡಿಯ ಮುಂದೆ ನಿಂತಿತು. ಚಾಲಕ ಎಂಜಿನ್ ಆರಿಸದೆ ಇಳಿದರು. ಹೊರಗೆ ಚರ್ರ್ ಎಂದು ಟೇಪ್ ಎಳೆಯುವ ಸದ್ದು. ಬಾನೆಟ್ಟಿನ ಅಂಟಿನ ಮರ್ಮ ಆಗ ತಿಳಿಯಿತು. ಇಳಿಯೋಣವೆಂದರೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಮುಂದಿನ ಸೀಟಿಗೆ ನುಸುಳೋಣವೆಂದರೆ ಇವರು ಹಿಂದಿನ 4 ನಿಮಿಷ 35 ಸೆಕೆಂಡನ್ನು ನೆನಪಿಸಿದರು. ಇದೇ ಸಮಯಕ್ಕೆ ಅತ್ತೆಯಿಂದ ಫೋನಿಗೆ ಊಟ ಆಯ್ತಾ ಎಂಬ ಸಂದೇಶ ಬಂತು. ಮದುವೆಗೆ ಹೋಗ್ತಿದೀವಿ ಅತ್ತೆ ಎಂದು ಬರೆದೆ. ಯಾರದು ಎಂದು ಕೇಳಿದರು. ಗೊತ್ತಿಲ್ಲ ಎಂದು ಬರೆದೆ. ಖಾಲಿ ಕೈಯಲ್ಲಿ ಹೋಗಬೇಡಿ ಎಂದು ಉತ್ತರ ಬಂತು.

2 ಗಂಟೆ 4ಕ್ಕೆ ಕಾರು ಮತ್ತೆ ಹೊರಟಿತು. ಚಾಲಕರ ಬಗ್ಗೆ ಒಂದು ಮಾತು ಹೇಳಲೇಬೇಕು: ಅವರು ಒಂದೊಂದು ಉಬ್ಬನ್ನೂ ಎಷ್ಟು ನಿಧಾನವಾಗಿ ದಾಟಿಸಿದರೆಂದರೆ, ನೆಲದ ಮೇಲೆ ಕೂತಿದ್ದ ನಮಗೆ ಒಂದು ಪೆಟ್ಟೂ ಬೀಳಲಿಲ್ಲ. ಎಸಿ ಕೂಡ ತಂಪಾಗಿತ್ತು. 28 ದಿನದಲ್ಲಿ ನಾವಿಬ್ಬರೇ ಒಂದು ಗಂಟೆ ಜೊತೆಯಾಗಿದ್ದುದು ಅದೇ ಮೊದಲು. ಯಾರೂ ಬಾಗಿಲು ತಟ್ಟಲಿಲ್ಲ.

2 ಗಂಟೆ 23ಕ್ಕೆ ಕಾರು ಮದುವೆ ಹಾಲಿನ ಮೆಟ್ಟಿಲ ಮುಂದೆ ನಿಂತಿತು. ಫೋನಿನ ನಕ್ಷೆಯ ಪ್ರಕಾರ ಶೋರೂಂನಿಂದ 9.3 ಕಿಲೋಮೀಟರ್. ಚಾಲಕ ಇಳಿದು ಒಳಗೆ ಹೋದರು. ನಮ್ಮ ಕಾಲುಗಳು ಜೋಮು ಹಿಡಿದಿದ್ದವು. ಹೊದಿಕೆ ಸರಿಸಿ, ಸೀಟಿನ ಮೇಲೆ ಹತ್ತಿ ಕೂತು, ಇಬ್ಬರೂ ಕಾಲು ನೀವಿಕೊಳ್ಳುತ್ತಿದ್ದೆವು. ನಾನು ಈಜುಕೊಳದ ಟ್ರ್ಯಾಕ್ ಸೂಟಿನಲ್ಲಿದ್ದೆ, ಕೊರಳಲ್ಲಿ ಸ್ಟಾಪ್‌ವಾಚು ಮತ್ತು ಸೀಟಿ. ನನ್ನ ಗಂಡ ಅಂಗಡಿಯ ಬಿಳಿ ಕೋಟಿನಲ್ಲಿದ್ದರು.

ಆಮೇಲೆ ನಮಗೆ ತಿಳಿದುಬಂದದ್ದು ಹೀಗೆ. ವಧೂವರರು ಹೊರಗೆ ಬಂದು ಕಾರಿನ ಬಾಗಿಲು ತೆರೆದಾಗ ಬ್ಯಾಂಡ್ ಬಾರಿಸಬೇಕು, ಬ್ಯಾಂಡ್ ಕೇಳಿದ ತಕ್ಷಣ ಎರಡೂ ಸಾಲಿನಲ್ಲಿ ನಿಂತವರು ಹೂ ಎಸೆಯಬೇಕು ಎಂದು ಮೊದಲೇ ತೀರ್ಮಾನವಾಗಿತ್ತು. ಬ್ಯಾಂಡಿನವರು ಬಾಗಿಲನ್ನು ಮಾತ್ರ ನೋಡುತ್ತಿದ್ದರು, ಹೂವಿನವರು ಬ್ಯಾಂಡನ್ನು ಮಾತ್ರ ಕೇಳುತ್ತಿದ್ದರು. 2 ಗಂಟೆ 26ಕ್ಕೆ ವಧುವಿನ ತಾತ, ಒಳಗೆ ಧೂಳು ಒರೆಸಿದ್ದಾರೋ ಇಲ್ಲವೋ ನೋಡೋಣವೆಂದು ಬಂದು ಬಾಗಿಲು ತೆರೆದರು.

ಬ್ಯಾಂಡ್ ಶುರುವಾಯಿತು. ಸುಮಾರು ನೂರೈವತ್ತು ಜನ ನಮ್ಮ ಮೇಲೆ ಹೂ ಎಸೆದರು.

ತಾತ ಕಣ್ಣು ಕಿರಿದು ಮಾಡಿ ಒಳಗೆ ಬಗ್ಗಿ, ಅಯ್ಯೋ ಮಕ್ಕಳಾ, ಆಗಲೇ ಬಂದು ಕೂತುಬಿಟ್ರಾ, ಫೋಟೋನೇ ಆಗಿಲ್ಲವಲ್ಲ, ಏನು ಅವಸರ ಈಗಿನ ಕಾಲದವರಿಗೆ ಎಂದು ಬೈದು, ನಮ್ಮಿಬ್ಬರ ತಲೆಯ ಮೇಲೂ ಕೈಯಿಟ್ಟು, ನೂರು ವರ್ಷ ಚೆನ್ನಾಗಿ ಬಾಳಿ ಎಂದು ಹರಸಿದರು. ನನ್ನ ಗಂಡ ಅವರ ಕೈ ಹಿಡಿದು, ತಾತ, ನಿಮ್ಮ ಕನ್ನಡಕ ಎಲ್ಲಿ ಎಂದು ಕೇಳಿದರು. ತಾತ ಜೇಬಿನಿಂದ ತೆಗೆದರು. ಒಂದು ಕಡ್ಡಿ ಕಳಚಿತ್ತು. ಇವರು ಕೋಟಿನ ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ತಿರುಪು ಬಿಗಿದು, ಗಾಜು ಒರೆಸಿ, ತಾತನ ಕಿವಿಗೆ ಕೂರಿಸಿದರು. 1 ನಿಮಿಷ 12 ಸೆಕೆಂಡ್. ಅಲ್ಲಿಯವರೆಗೂ ಹೂ ಬೀಳುತ್ತಲೇ ಇತ್ತು. ತಾತ ಕನ್ನಡಕದಿಂದ ಇವರನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಸೀಟಿಯನ್ನು ನೋಡಿದರು. ನಂತರ, ನೀವ್ಯಾರಪ್ಪ ಎಂದರು.

ಇಲ್ಲಿ ಒಂದು ವಿಷಯ ಸೇರಿಸಲು ಅನುಮತಿ ಬೇಡುತ್ತೇನೆ. ನಮ್ಮ ಮದುವೆ ನೋಂದಣಿ ಕಚೇರಿಯಲ್ಲಿ ನಡೆಯಿತು. ಒಂಬತ್ತು ಜನ ಇದ್ದರು. ಮುಗಿದ ಮೇಲೆ ಬಸ್ಸಿನಲ್ಲಿ ಮನೆಗೆ ಹೋದೆವು. ಅತ್ತೆಗೂ ಅಜ್ಜಿಗೂ ಸೀಟು ಸಿಕ್ಕಿತು, ನಾವು ಮೇಲಿನ ಕಂಬಿ ಹಿಡಿದು ನಿಂತಿದ್ದೆವು. ಆಗ ನಮಗೆ ಅದರಲ್ಲಿ ಯಾವ ಕೊರತೆಯೂ ಕಂಡಿರಲಿಲ್ಲ, ಈಗಲೂ ಇಲ್ಲ. ಆದರೆ ಇಂದು ಬ್ಯಾಂಡ್ ಬಾರಿಸಿ ಹೂ ಬಿದ್ದಾಗ ನಾನು ಕಣ್ಣೀರು ಹಾಕಿದೆನೆಂದು ಯಾರಾದರೂ ಸಾಕ್ಷಿ ಹೇಳಿದ್ದರೆ ಅದು ನಿಜ. ಇದನ್ನೆಲ್ಲ ಬರೆಯುವ ಅಗತ್ಯವಿಲ್ಲ ಎಂದು ಠಾಣೆಯಲ್ಲಿ ಹೇಳಿಕೆಗಳ ದಾಖಲೆ ಇಡುವ ರೈಟರ್ ಹೇಳಿದರು. ಬರೆದಾಗಿದೆ.

2 ಗಂಟೆ 31ಕ್ಕೆ ನಿಜವಾದ ವಧೂವರರು ಮೆಟ್ಟಿಲ ಮೇಲೆ ಬಂದು ನಿಂತರು. ಅವರಿಗೆ ಎಸೆಯಲು ಹೂ ಉಳಿದಿರಲಿಲ್ಲ. ವರನ ಚಿಕ್ಕಪ್ಪ ಓಡಿಬಂದು, ಇಳೀರಿ ಕೆಳಗೆ, ಯಾರ್ರೀ ನೀವು, ಮದುವೆ ಕಾರಿನಲ್ಲಿ ಬಂದು ಕೂತಿದೀರಲ್ಲ, ನಾಚಿಕೆ ಆಗಲ್ವಾ ಎಂದು ಗದರಿದರು. ನಾನು, ಇದು ನಮ್ಮ ಕಾರು ಸಾರ್ ಎಂದೆ. ಅವರು, ಹಾಗಾದರೆ ಈ ಹಾಲ್ ಕೂಡ ನಿಮ್ಮದೇ ಇರಬೇಕು ಎಂದು ಪೊಲೀಸರಿಗೆ ಫೋನ್ ಮಾಡಿದರು. ಅವರ ಮೇಲೆ ನನಗೆ ಕೋಪವಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ಸೀಟಿ ಊದುತ್ತಿದ್ದೆ.

ಚಾಲಕ ಹೊರಗೆ ಬಂದು ನಮ್ಮನ್ನು ನೋಡಿ ಮೆಟ್ಟಿಲ ಮೇಲೆ ಹಾಗೇ ಕುಸಿದು ಕೂತರು. ನೀವು ಹಿಂದೇನೇ ಇದ್ರಾ ಮೇಡಂ ಎಂದರು. ಹೌದು ಎಂದೆ. ಹಡಗು ಅಂದಿದ್ದು ನಾನಲ್ಲ ಮೇಡಂ ಎಂದರು. ಅದು ನನಗೆ ಆಗಲೇ ಗೊತ್ತಿತ್ತು. ಅವರು ಓಡಿಹೋಗಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

2 ಗಂಟೆ 52ಕ್ಕೆ ಇಬ್ಬರು ಪೊಲೀಸರು ಬೈಕಿನಲ್ಲಿ ಬಂದರು. ಅವರ ಎದುರಿಗೆ ನನ್ನ ಗಂಡ ಅಡ್ವೈಸರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ನಮ್ಮ ಕಾರು ಎಲ್ಲಿದೆ ಎಂದು ಕೇಳಿದರು. ಅಡ್ವೈಸರ್, ಲಿಫ್ಟ್ ಮೇಲಿದೆ ಸಾರ್, ಗೇರ್‌ಬಾಕ್ಸ್ ಬಿಚ್ಚಿ ಕೆಳಗಿಟ್ಟಿದೀವಿ, ನನ್ನ ಕಣ್ಣ ಮುಂದೇನೇ ಇದೆ ಎಂದರು. ಆಗ ನನ್ನ ಗಂಡ ಜೇಬಿನಿಂದ ಎರಡನೇ ಕೀ ತೆಗೆದು ಗುಂಡಿ ಒತ್ತಿದರು. ಹೂ ಹೊದ್ದು ನಿಂತಿದ್ದ ಕಾರು ಕೀಂಕ್ ಎಂದು ಕೂಗಿ ನಾಲ್ಕೂ ದೀಪ ಮಿನುಗಿಸಿತು. ನೂರೈವತ್ತು ಜನ ಓ ಎಂದರು. ಅದೇನು ಸದ್ದು ಸಾರ್ ಎಂದು ಅಡ್ವೈಸರ್ ಕೇಳಿದರು. ಹಡಗು ಬಂತು ಎಂದು ನನ್ನ ಗಂಡ ಹೇಳಿದರು. ನನ್ನ ಗಂಡ ಅಂಥ ಮಾತು ಆಡುವವರೆಂದು ನನಗೂ ಇಂದೇ ತಿಳಿದದ್ದು.

ಮುಂದಿನ ಡ್ರಾಯರಿನಲ್ಲಿದ್ದ ನೋಂದಣಿ ಪತ್ರವನ್ನು ಪೊಲೀಸರು ನೋಡಿ ಹೆಸರು ಹೊಂದಿಸಿಕೊಂಡರು. ವರನ ಚಿಕ್ಕಪ್ಪ ತಲೆಯ ಮೇಲೆ ಕೈ ಹೊತ್ತು, ಈಗ ಗಂಡು ಹೆಣ್ಣನ್ನ ಹೇಗಪ್ಪ ಕರ್ಕೊಂಡು ಹೋಗೋದು ಎಂದರು. ಆಗ ವಧು ಸೀರೆ ಎತ್ತಿ ಹಿಡಿದು ಮೆಟ್ಟಿಲಿಳಿದು ನನ್ನ ಹತ್ತಿರ ಬಂದು, ಅಕ್ಕ, ಬೆಳಿಗ್ಗೆ ಐದು ಗಂಟೆಯಿಂದ ನಿಂತೇ ಇದೀನಿ, ನಮ್ಮಿಬ್ಬರನ್ನ ನೀವೇ ಬಿಡ್ತೀರಾ ಎಂದು ಕೇಳಿದಳು. ಅತ್ತೆ ಖಾಲಿ ಕೈಯಲ್ಲಿ ಹೋಗಬೇಡಿ ಎಂದಿದ್ದರು. ನಮ್ಮ ಕೈಯಲ್ಲಿ ಕೊಡಲು ಇದ್ದುದು ಅದೊಂದೇ. ಬನ್ನಿ ಎಂದೆ.

ನೆಲದ ಮೇಲೆ ಬಿದ್ದಿದ್ದ ಹೂಗಳನ್ನೇ ಬಳಿದು ತಂದು ಎರಡನೇ ಸಲ ಎಸೆದರು. ಬ್ಯಾಂಡ್ ಕೂಡ ಮೊದಲಿನಿಂದ ಬಾರಿಸಿತು. ವಧೂವರರು ಹಿಂದೆ, ನಾವು ಮುಂದೆ. ನನ್ನ ಗಂಡ ಕಾರು ಓಡಿಸಿದರು. ಪೊಲೀಸರ ಬೈಕು ನಮ್ಮ ಮುಂದೆ ಹೋಯಿತು, ಅದರಿಂದ ಮೆರವಣಿಗೆಗೆ ಒಳ್ಳೆಯ ಕಳೆ ಬಂತು. ವರನ ಮನೆಗೆ 6.4 ಕಿಲೋಮೀಟರ್, 19 ನಿಮಿಷ. ಹೊರಟ ಕೂಡಲೇ ನನ್ನ ಗಂಡ ಒಳಗಿನ ಕನ್ನಡಿಯನ್ನು ಮೇಲಕ್ಕೆ, ಚಾವಣಿ ಕಾಣುವಂತೆ ತಿರುಗಿಸಿದರು. ಹಿಂದೆ ಕೂತವರು ಏನು ಮಾತಾಡಿದರೆಂದು ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಹೇಳುವುದಿಲ್ಲ. ಬಾಗಿಲು ಒಳಗಿನಿಂದ ತೆರೆಯದ ಕಾರಣ, 3 ಗಂಟೆ 41ಕ್ಕೆ ನಾನೇ ಇಳಿದು ಹೊರಗಿನಿಂದ ತೆರೆದೆ. ಇಳಿಯುವಾಗ ವಧು, ಇನ್ನೈದು ನಿಮಿಷ ಇದ್ದಿದ್ದರೆ ಚೆನ್ನಾಗಿತ್ತು ಅಕ್ಕ, ಈ ಸೀಟು ತುಂಬಾ ಚೆನ್ನಾಗಿದೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ನಾನು ಬಾಗಿಲು ಮತ್ತೆ ಮುಚ್ಚಿ, ಸ್ಟಾಪ್‌ವಾಚು ಒತ್ತಿ, ಐದು ನಿಮಿಷ ಆದ ಮೇಲೆ ತೆರೆದೆ. ಮನೆಯವರಿಗೆ ಬಾಗಿಲು ಸಿಕ್ಕಿಕೊಂಡಿದೆ ಎಂದು ಹೇಳಿದೆ. ಅದು ಪೂರ್ತಿ ಸುಳ್ಳೇನಲ್ಲ.

ಅಲ್ಲಿಂದ ನೇರವಾಗಿ ಠಾಣೆಗೆ ಬಂದೆವು. ಅಡ್ವೈಸರನ್ನೂ ಕರೆಸಲಾಗಿದೆ. ಅವರು 4 ಗಂಟೆ 50ಕ್ಕೆ ಬಂದು, ನನ್ನನ್ನು ನೋಡಿ, ಮೇಡಂ, ಇದನ್ನ ಇಲ್ಲೇ ಮುಗಿಸೋಣ, ಇನ್ನೆರಡು ದಿನದಲ್ಲಿ ಎಲ್ಲ ಸರಿಮಾಡಿ ಕೊಡ್ತೀನಿ ಎಂದರು. ಹೇಳಿಕೆ ಕೊಡಲು ತಾವಾಗಿಯೇ ಬಂದು ಬೆಂಚಿನ ಮೇಲೆ ಕೂತಿದ್ದ ಚಾಲಕ ಜೋರಾಗಿ ನಕ್ಕುಬಿಟ್ಟರು. ರೈಟರ್ ಅವರೂ ನಕ್ಕರು, ಆದರೆ ಕೆಮ್ಮಿದ ಹಾಗೆ ಮಾಡಿದರು.

ನನ್ನ ದೂರು ಇಷ್ಟು. ಓಡಿಸಿದರೆ ಪುಡಿಯಾಗುತ್ತದೆ ಎಂದು ನಮಗೆ ಸುಳ್ಳು ಹೇಳಿ, ನಮ್ಮನ್ನು ಕೇಳದೆ, ನಮ್ಮ ಕಾರನ್ನು ಏಳು ಮದುವೆಗೆ ಬಾಡಿಗೆಗೆ ಬಿಟ್ಟಿದ್ದಾರೆ. ಕೇಳಿದ್ದರೆ ಒಂದೆರಡಕ್ಕೆ ನಾವೇ ಕೊಡುತ್ತಿದ್ದೆವೇನೋ. ಏಳು ಮದುವೆ ಮಾಡಿಸಿದವರು ಒಂದು ಬಾಗಿಲು ಸರಿಮಾಡಲಿಲ್ಲ. ನಾನು ಕೊಟ್ಟ ಐದು ಸ್ಟಾರ್ ಆ ಕುರ್ಚಿಗೆ, ಕಾಫಿಗೆ ಮತ್ತು ಮೀನುಗಳಿಗೆ ಮಾತ್ರ ಎಂದು ಓದಿಕೊಳ್ಳಬೇಕು. ಚಾಲಕರ ಮೇಲೆ, ಮದುವೆ ಮನೆಯವರ ಮೇಲೆ ನನ್ನ ದೂರಿಲ್ಲ. ಮುತ್ತಿನ ಕ್ಲಿಪ್ಪು ಮೊದಲ ಆರು ವಧುಗಳಲ್ಲಿ ಯಾರದೋ ಒಬ್ಬರದು, ಹುಡುಕಿ ತಲುಪಿಸಬೇಕಾಗಿ ಕೋರುತ್ತೇನೆ.

ಇನ್ನು ಕೊನೆಯ ವಿಷಯ. ಕಾರು ಸಾಕ್ಷ್ಯವಾದ್ದರಿಂದ ಸೋಮವಾರ ತಜ್ಞರು ಬಂದು ಪರೀಕ್ಷಿಸುವವರೆಗೂ ಠಾಣೆಯ ಅಂಗಳದಲ್ಲೇ ಇರಬೇಕೆಂದು ಇನ್‌ಸ್ಪೆಕ್ಟರ್ ಸಾಹೇಬರು ಹೇಳಿದರು. ಎಷ್ಟು ದಿನ ಎಂದು ಕೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿ, ಇನ್ನೆರಡು ದಿನ ಎಂದರು. ಇಡೀ ದಿನದಲ್ಲಿ ನನ್ನ ಗಂಡನ ಮುಖ ಸಪ್ಪಗಾದದ್ದು ಆಗ ಮಾತ್ರ. ನಾನು ಕಿಟಕಿಯಿಂದ ನೋಡಿದೆ. ಕಾರು ಅಂಗಳದ ಮರದ ನೆರಳಿನಲ್ಲಿ, ಬಾನೆಟ್ ಮೇಲೆ ಬಾಡಿದ ಹೂ ಹೊತ್ತು ನಿಂತಿತ್ತು. ಪರದೆಗಳು ಮೇಲೇ ಇದ್ದವು.

ಆದ್ದರಿಂದ ನಾನು ಸಾಹೇಬರಿಗೆ ಬಟ್ಟೆಯಂತ್ರದಿಂದ ಹಿಡಿದು ಎಲ್ಲವನ್ನೂ ಹೇಳಿ, ಏಳರಿಂದ ಏಳೂ ನಲವತ್ತರವರೆಗೆ ನಮ್ಮ ಕಾರಿನಲ್ಲಿ ಕೂರಲು ಅನುಮತಿ ಕೇಳಿದೆ. ಸ್ಟಾರ್ಟ್ ಮಾಡುವುದಿಲ್ಲ, ಯಾವುದನ್ನೂ ಮುಟ್ಟುವುದಿಲ್ಲ ಎಂದೆ. ಸಾಹೇಬರು ತುಂಬಾ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ನಂತರ, ನಂದೂ ಮದುವೆಯಾದ ಹೊಸದರಲ್ಲಿ ಮನೇಲಿ ಹನ್ನೊಂದು ಜನ ಇದ್ದರು ಕಣಮ್ಮ ಎಂದು ಹೇಳಿ, ಕೀಯನ್ನು ಮೇಜಿನ ಮೇಲಿಟ್ಟು, ತಾವು ಗೋಡೆಯ ಕಡೆ ತಿರುಗಿ ಕೂತರು.

ಫೋನಿನಲ್ಲಿ ವಿಷಯ ತಿಳಿದು ಅತ್ತೆ ಊಟದ ಡಬ್ಬಿ ತೆಗೆದುಕೊಂಡು 6 ಗಂಟೆ 30ಕ್ಕೆ ಇಲ್ಲಿಗೆ ಬಂದಿದ್ದಾರೆ. ಅಜ್ಜಿ ಮನೆಯಲ್ಲಿ ಟಿವಿ ಕೇಳುತ್ತಿದ್ದಾರೆ.

ಇಲ್ಲಿಯವರೆಗೆ ಬರೆದದ್ದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಹೊದಿಕೆಯೊಳಗಿದ್ದಾಗ ಕೇಳಿದ್ದು ಮಾತ್ರ. ಓದಿ ನೋಡಿದ್ದೇನೆ, ಸರಿಯಾಗಿದೆ, ಒಂದಕ್ಷರವೂ ಸುಳ್ಳಿಲ್ಲ. ಇನ್ನೂ ಹೇಳಬಹುದಿತ್ತು, ಆದರೆ ಈಗ 6 ಗಂಟೆ 56 ನಿಮಿಷ. 7 ಗಂಟೆ 40ಕ್ಕೆ ಹೊರಗಿನಿಂದ ಬಾಗಿಲು ತೆರೆಯಲು ಅತ್ತೆ ಒಪ್ಪಿದ್ದಾರೆ. ಠಾಣೆಗೆ ಮೂರೇ ಮೆಟ್ಟಿಲು, ಮೊಣಕಾಲಿಗೆ ಏನೂ ತೊಂದರೆಯಿಲ್ಲ ಎಂದಿದ್ದಾರೆ.

ಸ್ಥಳ: ಪೊಲೀಸ್ ಠಾಣೆ, ರೈಟರ್ ಕೋಣೆ
ದಿನ: ಶನಿವಾರ, ಮದುವೆಯಾದ 61ನೇ ದಿನ
ಹೇಳಿಕೆ ಕೊಟ್ಟವಳ ಸಹಿ
ಸಾಕ್ಷಿ: ಗಂಡ (ಅಂಗಳಕ್ಕೆ ಆಗಲೇ ಇಳಿದು ಹೋಗಿದ್ದಾರೆ, ಬಂದು ಸಹಿ ಮಾಡುತ್ತಾರೆ)